8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಗೇಮ್ ತಡವರಿಸುತ್ತಿದ್ದರೆ ಮೊದಲು ಏನು ನೋಡಬೇಕು?

ಪ್ರಶ್ನೆ: ಸರ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ5-1135ಜಿ7 ಇದೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಜಿಟಿಎ 5 ಆಡುವಾಗ ಸಿಟಿಯೊಳಗೆ ಹೇಗೋ ನಡೆಯುತ್ತದೆ, ಬೆಟ್ಟ ಕಾಡಿನ ಕಡೆ ಹೋದರೆ ತಡೆದು ತಡೆದು ಓಡುತ್ತದೆ. ಮನೆಯಲ್ಲಿ ಹೊಸದು ಕೊಡಿಸಲ್ಲ ಅಂದಿದ್ದಾರೆ. ಇದರಲ್ಲೇ ಏನಾದರೂ ಮಾಡಬಹುದಾ?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಖಂಡಿತ ಮಾಡಬಹುದು. ಆದರೆ ಗೇಮ್‌ನ ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಮೆಮೊರಿ. ಕೆಳಗಡೆ 'ಸ್ಲಾಟ್ಸ್ ಯೂಸ್ಡ್' ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅಲ್ಲಿ '1 ಆಫ್ 2' ಅಂತ ಕಂಡರೆ ನಿಮ್ಮ ತೊಂದರೆಯ ದೊಡ್ಡ ಪಾಲು ಅಲ್ಲೇ ಇದೆ.

ಯಾಕೆ ಅಂತ ಹೇಳುತ್ತೇನೆ. ಬೇರೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಚಿಪ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಪ್ರೊಸೆಸರ್ ಬಳಸುವ ರ‍್ಯಾಮ್‌ನಲ್ಲೇ ಅದೂ ಪಾಲು ತೆಗೆದುಕೊಳ್ಳುತ್ತದೆ. ಡಿಡಿಆರ್4 3200 ರ‍್ಯಾಮ್ ಒಂದೇ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಡೇಟಾ ಹರಿಯುತ್ತದೆ. ಅದೇ ಎರಡು ಹಾಕಿದರೆ 51.2 ಜಿಬಿ. ನಿಮ್ಮ ಚಿಪ್‌ಗೆ ಕೆಲಸ ಮಾಡುವ ತಾಕತ್ತಿದೆ, ಡೇಟಾ ಬರಲಿ ಅಂತ ಸುಮ್ನೆ ಕಾಯುತ್ತಾ ಕೂತಿರುತ್ತದೆ ಅಷ್ಟೇ. ಇದನ್ನು ಇಂಟೆಲ್ ಕಂಪನಿಯೇ ಒಂದು ರೀತಿಯಲ್ಲಿ ಒಪ್ಪಿಕೊಂಡಿದೆ: ಇದೇ ಪ್ರೊಸೆಸರ್‌ನ ಗ್ರಾಫಿಕ್ಸ್‌ಗೆ 'ಐರಿಸ್ ಎಕ್ಸ್‌ಇ' ಅನ್ನೋ ಹೆಸರು ಬರುವುದು ಮೆಮೊರಿ ಎರಡು ಚಾನೆಲ್‌ನಲ್ಲಿ (ಅಂದರೆ ಡೇಟಾ ಹರಿಯುವ ಎರಡು ದಾರಿಯಲ್ಲಿ) ಇದ್ದಾಗ ಮಾತ್ರ, ಒಂದೇ ಇದ್ದರೆ ಬರೀ 'ಯುಎಚ್‌ಡಿ ಗ್ರಾಫಿಕ್ಸ್' ಅಂತ ತೋರಿಸುತ್ತದೆ. ನಿಮ್ಮದರಲ್ಲಿ ಯಾವ ಹೆಸರಿದೆ ಅಂತ ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಒತ್ತಿ ನೋಡಿ.

ಹಾಗಾಗಿ ನಿಮ್ಮ ಹತ್ತಿರ ಸ್ವಲ್ಪ ದುಡ್ಡು ಇದ್ದರೆ ಅದು ಹೋಗಬೇಕಾದ ಜಾಗ ಇದೊಂದೇ. ಕೂಲಿಂಗ್ ಪ್ಯಾಡ್, ಗೇಮಿಂಗ್ ಮೌಸ್ ಎಲ್ಲ ಆಮೇಲೆ. ಇನ್ನೊಂದು 8 ಜಿಬಿ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್ ತಂದು ಹಾಕಿಸಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಾಸ್ತಿಯಾಗಿದೆ, ಗೊತ್ತು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರೂ ತಪ್ಪಿಲ್ಲ, ರ‍್ಯಾಮ್ ಬ್ಯಾಟರಿ ತರಹ ಸವೆಯುವ ವಸ್ತು ಅಲ್ಲ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ, ಅಂಗಡಿಯಲ್ಲೇ ಹಾಕಿಸಿ ಆನ್ ಮಾಡಿ ನೋಡಿ, ಸರಿ ಬರದಿದ್ದರೆ ಬದಲಾಯಿಸಿ ಕೊಡುತ್ತೇವೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಹಿಂದಿನ ಮುಚ್ಚಳ ಬಿಚ್ಚುವ ಮೊದಲು ಸರ್ವಿಸ್ ಸೆಂಟರ್‌ಗೆ ಒಂದು ಫೋನ್ ಮಾಡಿ. ಅದೇ ಮೆಮೊರಿ ಪುಟದಲ್ಲಿ 'ಫಾರ್ಮ್ ಫ್ಯಾಕ್ಟರ್: ರೋ ಆಫ್ ಚಿಪ್ಸ್' ಅಂತ ಇದ್ದರೆ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆ ಅಂತ ಅರ್ಥ. ಆಗ ಖಾಲಿ ಸ್ಲಾಟ್ ಇದೆಯಾ ಅಂತ ಮಾಡೆಲ್ ನಂಬರ್ ಹಾಕಿ ಖಚಿತ ಮಾಡಿಕೊಳ್ಳದೆ ಏನೂ ಕೊಳ್ಳಬೇಡಿ.

ಇನ್ನು ದುಡ್ಡಿಲ್ಲದೆ ಆಗುವ ಕೆಲಸ. ಬೆಟ್ಟ ಕಾಡಿನ ಕಡೆ ತಡವರಿಸಲು ದೊಡ್ಡ ಕಾರಣ ಹುಲ್ಲು. ಸೆಟ್ಟಿಂಗ್ಸ್‌ನಲ್ಲಿ ಗ್ರಾಸ್ ಕ್ವಾಲಿಟಿಯನ್ನು ನಾರ್ಮಲ್‌ಗೆ ಇಳಿಸಿ, ವ್ಯತ್ಯಾಸ ಅಲ್ಲೇ ಕಾಣುತ್ತದೆ. ಎಂಎಸ್‌ಎಎ (ಚಿತ್ರದ ಅಂಚುಗಳನ್ನು ನುಣುಪು ಮಾಡುವುದು) ಪೂರ್ತಿ ಆಫ್, ನೆರಳು ನಾರ್ಮಲ್, ಪೋಸ್ಟ್ ಎಫ್‌ಎಕ್ಸ್ ನಾರ್ಮಲ್, ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದಲ್ಲಿ ಇರುವುದೆಲ್ಲ ಆಫ್ ಅಥವಾ ಸೊನ್ನೆ. ಇಷ್ಟಾದ ಮೇಲೂ ಸಾಲದಿದ್ದರೆ ರೆಸಲ್ಯೂಶನ್ ಇಳಿಸಿ. 1920×1080 ಅಂದರೆ ಪ್ರತಿ ಫ್ರೇಮ್‌ಗೂ ಸುಮಾರು 20.7 ಲಕ್ಷ ಪಿಕ್ಸೆಲ್, 1280×720 ಅಂದರೆ 9.2 ಲಕ್ಷ. ಕೆಲಸ ಅರ್ಧಕ್ಕಿಂತ ಕಡಿಮೆ ಆಯಿತು, ಅಲ್ವಾ? ಚಿತ್ರ ಮಸುಕು ಅನಿಸಿದರೆ ನಡುವಿನ 1600×900 ಇಟ್ಟು ನೋಡಿ. ಒಂದೊಂದೇ ಬದಲಾಯಿಸಿ, ಪ್ರತಿ ಸಲ ಗೇಮ್‌ನಲ್ಲೇ ಇರುವ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಓಡಿಸಿ ನೋಡಿ, ಇಲ್ಲದಿದ್ದರೆ ಯಾವುದರಿಂದ ಉಪಯೋಗ ಆಯಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: 2025ರ ಮಾರ್ಚ್‌ನಲ್ಲಿ ಬಂದ 'ಎನ್‌ಹ್ಯಾನ್ಸ್ಡ್' ಆವೃತ್ತಿ ನಿಮ್ಮ ಲ್ಯಾಪ್‌ಟಾಪ್‌ಗೆ ಭಾರ. ಹಳೆಯ 'ಲೆಗಸಿ' ಆವೃತ್ತಿಯೇ ಇನ್‌ಸ್ಟಾಲ್ ಮಾಡಿ.

ಪ್ರಶ್ನೆ: ನನ್ನದು ಜಿಟಿಎಕ್ಸ್ 1650 ಕಾರ್ಡ್ ಇರುವ ಲ್ಯಾಪ್‌ಟಾಪ್, ಮೂರು ವರ್ಷ ಹಳೆಯದು. ಮೊದಲ ಕಾಲು ಗಂಟೆ ಯಾವ ಗೇಮ್ ಆದರೂ ಚೆನ್ನಾಗಿ ಓಡುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋ ಲೆಕ್ಕ) ಅರ್ಧಕ್ಕೆ ಬೀಳುತ್ತದೆ. ಕಾರ್ಡ್ ಹಾಳಾಗಿದೆಯಾ?
– ರಾಯಚೂರಿನ ಓದುಗರು

ಉತ್ತರ: ಕಾರ್ಡ್ ಹಾಳಾಗಿದ್ದರೆ ಮೊದಲ ಕಾಲು ಗಂಟೆಯೂ ಚೆನ್ನಾಗಿ ಓಡುತ್ತಿರಲಿಲ್ಲ. ಇದು ಬಿಸಿಯ ಸಮಸ್ಯೆ. ಪ್ರೊಸೆಸರ್ 95–100 ಡಿಗ್ರಿ ಹತ್ತಿರ ಹೋದಾಗ ಸುಟ್ಟುಹೋಗದಿರಲಿ ಅಂತ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ನಿಮ್ಮೂರಿನ ಬೇಸಿಗೆಯಲ್ಲಿ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ 40 ಡಿಗ್ರಿ ಇರುವಾಗ ಅದು ಒಳಗಿನದನ್ನು ಎಷ್ಟು ಅಂತ ತಣಿಸೀತು?

ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಿಂಬದಿಯನ್ನು ಎರಡು ಪುಸ್ತಕ ಇಟ್ಟು ಸ್ವಲ್ಪ ಎತ್ತರ ಮಾಡಿ, ಕೆಳಗಿನಿಂದ ಗಾಳಿ ಒಳಗೆ ಹೋಗಲಿ. ಮೂರು ವರ್ಷದ ಧೂಳು ಒಳಗೆ ಗಟ್ಟಿಯಾಗಿ ಕೂತಿರುತ್ತದೆ. ಒಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ, ಜೊತೆಗೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ ಪೇಸ್ಟ್) ಬದಲಾಯಿಸಿ ಕೊಡಿ ಅಂತ ಹೇಳಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಲ್ಲೋ ಕಡ್ಡಿಯಲ್ಲೋ ತಡೆದು ಹಿಡಿಯಬೇಕು, ಗಾಳಿಯ ರಭಸಕ್ಕೆ ಅತಿ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎಷ್ಟೋ ಜನ ರಿಪೇರಿಯವರೂ ಇದನ್ನು ಗಮನಿಸುವುದಿಲ್ಲ, ನೀವೇ ಹೇಳಿ.

ಇದಕ್ಕೂ ಮೊದಲು ಪುಕ್ಕಟೆಯಾಗಿ ಮಾಡಬಹುದಾದ ಒಂದಿದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' 100 ಇರುವುದನ್ನು 99 ಮಾಡಿ. ಒಂದೇ ಒಂದು ಅಂಕಿ ಇಳಿಸಿದ್ದು ಅನಿಸುತ್ತದೆ, ಆದರೆ ಅದರಿಂದ ಪ್ರೊಸೆಸರ್‌ನ ಟರ್ಬೋ, ಅಂದರೆ ಮಾಮೂಲಿಗಿಂತ ಹೆಚ್ಚು ವೇಗಕ್ಕೆ ಏರುವುದು, ನಿಂತುಹೋಗುತ್ತದೆ, ಬಿಸಿ ಬಹಳ ಇಳಿಯುತ್ತದೆ. ಪ್ರೊಸೆಸರ್ ಮೇಲೆ ಹೆಚ್ಚು ಭಾರ ಹಾಕದ ಗೇಮ್‌ಗಳಲ್ಲಿ ಅಷ್ಟು ನಷ್ಟವೂ ಕಾಣುವುದಿಲ್ಲ. ಜೊತೆಗೆ ಎಫ್‌ಪಿಎಸ್‌ಗೆ 60ರ ಮಿತಿ ಹಾಕಿ. ಹತ್ತು ನಿಮಿಷ 90 ಓಡಿ ಆಮೇಲೆ 35ಕ್ಕೆ ಕುಸಿಯುವುದಕ್ಕಿಂತ ಎರಡು ಗಂಟೆ ಒಂದೇ ಸಮ 60 ಇದ್ದರೆ ಆಟದ ಖುಷಿಯೇ ಬೇರೆ. ಕರೆಂಟ್ ಹೋಗಿ ಬ್ಯಾಟರಿಗೆ ಬಂದಾಗ ನಿಧಾನ ಆದರೆ ಹೆದರಬೇಡಿ. ಕಾರ್ಡ್ ಪೂರ್ತಿ ಓಡುವಷ್ಟು ಕರೆಂಟ್ ಬ್ಯಾಟರಿಯಿಂದ ಸಿಗುವುದಿಲ್ಲ.

ಪ್ರಶ್ನೆ: ಗೇಮ್ ಬೂಸ್ಟರ್, ರ‍್ಯಾಮ್ ಕ್ಲೀನರ್ ಹಾಕಿದರೆ ಎಫ್‌ಪಿಎಸ್ ಹೆಚ್ಚುತ್ತದಾ? 'ಲೈಟ್ ವಿಂಡೋಸ್' ಹಾಕು ಅಂತ ಗೆಳೆಯರು ಹೇಳುತ್ತಿದ್ದಾರೆ.
– ಹಾಸನದ ಓದುಗರು

ಉತ್ತರ: ಎರಡೂ ಬೇಡ. ಬೂಸ್ಟರ್ ಮಾಡುವ ಕೆಲಸವನ್ನು ನೀವೇ ಎರಡು ನಿಮಿಷದಲ್ಲಿ ಮಾಡಬಹುದು: ಕ್ರೋಮ್ ಮುಚ್ಚಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ಆಪ್‌ಗಳನ್ನು ನಿಲ್ಲಿಸಿ, ವಿಂಡೋಸ್‌ನ ಗೇಮಿಂಗ್ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆಯ ರೆಕಾರ್ಡಿಂಗ್ ಆಫ್ ಮಾಡಿ, ಪವರ್ ಮೋಡನ್ನು 'ಬೆಸ್ಟ್ ಪರ್ಫಾರ್ಮೆನ್ಸ್'ಗೆ ಹಾಕಿ. ರ‍್ಯಾಮ್ ಕ್ಲೀನರ್ ಅಂತೂ ಗೇಮ್‌ಗೆ ಬೇಕಾದದ್ದನ್ನೇ ಹೊರಗೆ ತಳ್ಳಿ ಮತ್ತೆ ಡಿಸ್ಕ್‌ನಿಂದ ಓದುವಂತೆ ಮಾಡುತ್ತದೆ. ಯಾರೋ ಕತ್ತರಿಸಿ ಹಂಚಿದ ವಿಂಡೋಸ್‌ನಲ್ಲಿ ಏನು ತೆಗೆದಿದ್ದಾರೆ, ಏನು ಸೇರಿಸಿದ್ದಾರೆ ಅಂತ ನಮಗೆ ತಿಳಿಯುವುದಿಲ್ಲ. ಅದೇ ಲ್ಯಾಪ್‌ಟಾಪ್‌ನಲ್ಲಿ ನೀವು ಬ್ಯಾಂಕಿನ ಪಾಸ್‌ವರ್ಡ್ ಹಾಕುತ್ತೀರಿ. ದಯವಿಟ್ಟು ಬೇಡ.

ಪ್ರಶ್ನೆ: ವ್ಯಾಲರಂಟ್‌ನಲ್ಲಿ 90 ಎಫ್‌ಪಿಎಸ್ ತೋರಿಸುತ್ತದೆ, ಆದರೂ ಎದುರಾಳಿ ಅಲ್ಲಿಂದಿಲ್ಲಿಗೆ ಜಿಗಿಯುತ್ತಾನೆ. ರ‍್ಯಾಮ್ ಹಾಕಿಸಲಾ? ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಡುತ್ತೇನೆ.
– ಶಿರಸಿಯ ಓದುಗರು

ಉತ್ತರ: ರ‍್ಯಾಮ್‌ಗೆ ದುಡ್ಡು ಹಾಕಬೇಡಿ, ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗೇ ಇದೆ. ಜಿಗಿತ ಬರುತ್ತಿರುವುದು ನೆಟ್‌ನಿಂದ. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಡೇಟಾಗೆ ಹಿಡಿಯುವ ಸಮಯ) ಮತ್ತು ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಡೇಟಾ) ಎರಡನ್ನೂ ತೆರೆಯ ಮೇಲೆ ಕಾಣುವಂತೆ ಮಾಡಿಕೊಳ್ಳಿ, ಸರ್ವರ್ ಮುಂಬೈ ಇದೆಯಾ ನೋಡಿ. ಹಾಟ್‌ಸ್ಪಾಟ್ ಬದಲು ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನಡುವಿನ ವೈಫೈ ತಪ್ಪುತ್ತದೆ. ಫೋನ್ ಕಿಟಕಿಯ ಹತ್ತಿರ, ಸಿಗ್ನಲ್ ಚೆನ್ನಾಗಿ ಸಿಗುವ ಕಡೆ ಇರಲಿ. ಆಟದ ಹೊತ್ತಿಗೆ ಫೋನಿನ ಆಪ್ ಅಪ್‌ಡೇಟ್, ಫೋಟೋ ಬ್ಯಾಕಪ್ ನಿಲ್ಲಿಸಿಡಿ. ಇಷ್ಟು ಮಾಡಿದ ಮೇಲೂ ಸಂಜೆ ಹೊತ್ತು ಮಾತ್ರ ಪಿಂಗ್ ಏರುತ್ತಿದ್ದರೆ ಟವರ್‌ನಲ್ಲಿ ಜನ ಜಾಸ್ತಿ ಇದ್ದಾರೆ ಅಂತ ಲೆಕ್ಕ. ಬೇರೆ ಕಂಪನಿಯ ಸಿಮ್ ಯಾರದಾದರೂ ಒಂದು ದಿನಕ್ಕೆ ಕೇಳಿ ತಂದು, ಅದೇ ಸಂಜೆ ಹೊತ್ತಿಗೆ ಹಾಕಿ ಹೋಲಿಸಿ ನೋಡಿ.