ಪ್ರತಿಕ್ರಿಯೆ: 50 ಎಂಎಂ ಒಂದೇ ಲೆನ್ಸ್‌ನಲ್ಲಿ ಪೋರ್ಟ್ರೇಟ್ ಶೈಲಿಗಳು

50 ಎಂಎಂ ಎಫ್/1.8 ಲೆನ್ಸ್ ಒಂದೇ ಇದೆ, ಪೋರ್ಟ್ರೇಟ್ (ವ್ಯಕ್ತಿಯ ಫೋಟೋ) ತೆಗೆಯೋಕೆ ಯಾವ ಶೈಲಿಯಿಂದ ಶುರು ಮಾಡಲಿ, ಒಂದು ಕಣ್ಣು ಯಾಕೆ ಮಸುಕಾಗುತ್ತೆ ಅಂತ ಕೇಳಿದ್ದೀರಿ. ಆ ಲೆನ್ಸ್ ಧಾರಾಳವಾಗಿ ಸಾಕು.

ಮೊದಲು ಕಣ್ಣಿನ ವಿಷಯ. ಹತ್ತಿರದಿಂದ ಎಫ್/1.8ರಲ್ಲಿ, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿ ಪೂರ್ತಿ ತೆರೆದು ತೆಗೆದರೆ, ಫೋಕಸ್ ಇರುವ ಆಳ ಕೆಲವೇ ಸೆಂಟಿಮೀಟರ್. ಮುಖ ಸ್ವಲ್ಪ ತಿರುಗಿದರೂ ಒಂದು ಕಣ್ಣು ಹೋಯ್ತು. ಕಿಂಡಿ ಚಿಕ್ಕದು ಮಾಡಿ ಎಫ್/2.8 ಅಥವಾ ಎಫ್/4 ಇಟ್ಟು, ಕ್ಯಾಮೆರಾಗೆ ಹತ್ತಿರದ ಕಣ್ಣಿಗೇ ಫೋಕಸ್ ಮಾಡಿ.

ಶುರು ಮಾಡೋಕೆ ರೆಂಬ್ರಾಂಟ್ ಬೆಳಕೇ (ಡಚ್ ಚಿತ್ರಕಾರ ರೆಂಬ್ರಾಂಟ್‌ನ ಚಿತ್ರಗಳಂತೆ ಮುಖದ ಒಂದು ಬದಿ ನೆರಳಲ್ಲಿರೋದು) ಒಳ್ಳೇದು, ನೆರಳು ನೋಡೋದನ್ನು ಅಷ್ಟು ಚೆನ್ನಾಗಿ ಕಲಿಸೋದು ಬೇರೆ ಇಲ್ಲ. ಕಿಟಕಿ ಮುಖದ ಪಕ್ಕಕ್ಕೆ ಸುಮಾರು 45 ಡಿಗ್ರಿಯಲ್ಲಿರಲಿ. ಬೆಳಕು ಮೇಲಿಂದ ಬೀಳಬೇಕು, ಹಾಗಾಗಿ ಫೋಟೋಗೆ ಕೂರುವವರನ್ನು ತಗ್ಗು ಸ್ಟೂಲ್ ಮೇಲೆ ಕೂರಿಸಿ. ನೆರಳಿನ ಕೆನ್ನೆಯಲ್ಲಿ ಕಣ್ಣಿನ ಕೆಳಗೆ ಬೆಳಕಿನ ಪುಟ್ಟ ತ್ರಿಕೋನ ಕಾಣಬೇಕು. ಕಾಣದೆ ಆ ಬದಿ ಪೂರ್ತಿ ಕಪ್ಪಾದರೆ ಮೂಗನ್ನು ಕಿಟಕಿ ಕಡೆಗೆ ಚೂರು ತಿರುಗಿಸಿ. ರೂಮಿನ ಬಲ್ಬ್ ಆರಿಸಿಬಿಡಿ, ಇಲ್ಲದಿದ್ರೆ ಮುಖದ ಅರ್ಧ ಹಳದಿ, ಅರ್ಧ ನೀಲಿ. ಎಡಿಟಿಂಗ್‌ನಲ್ಲಿ ಸರಿ ಮಾಡೋದು ಕಷ್ಟ. ನೆರಳಿನ ಬದಿ ಬಿಳಿ ಥರ್ಮಾಕೋಲ್ ಹಿಡಿದರೆ ಮೃದು, ಕಪ್ಪು ಬಟ್ಟೆ ಹಿಡಿದರೆ ಗಾಢ.

ಆಮೇಲೆ ಎರಡನೇ ಶೈಲಿ: ಎರಡು ಹೆಜ್ಜೆ ಹಿಂದೆ ಸರಿದು, ಎಫ್/5.6ರಲ್ಲಿ ಅವರನ್ನು ಅವರ ಕೆಲಸದ ಜಾಗದ ಸಮೇತ ತೆಗೆಯಿರಿ. ಕೈ ಕೆಲಸದಲ್ಲಿದ್ದರೆ ಮುಖ ತಾನೇ ಸಡಿಲವಾಗುತ್ತೆ. ಶಟರ್ 1/200 ಸೆಕೆಂಡಿಗಿಂತ ನಿಧಾನ ಬೇಡ, ಬೇಕಾದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600ಕ್ಕೆ ಏರಿಸಿ. ಗ್ರೇನ್ (ಸಣ್ಣ ಚುಕ್ಕೆಗಳು) ಬಂದರೂ ಪರವಾಗಿಲ್ಲ, ಅಲುಗಿದ ಫೋಟೋ ಮಾತ್ರ ಉಳಿಸಿಕೊಳ್ಳೋಕೆ ಆಗಲ್ಲ.