ಕನೆಕ್ಷನ್ ಯಾರದ್ದೋ, ನೋಟಿಸ್ ಯಾರಿಗೋ

ಹಾಸನದ ಓದುಗರೊಬ್ಬರ ಪತ್ರ: "ಅಮೆರಿಕದ ಕಂಪನಿಗಳ ಹಾಗೆ, ಕದ್ದ ಸಿನಿಮಾ ಡೌನ್‌ಲೋಡ್ ಮಾಡುವವರ ಮನೆಮನೆಗೂ ಲಾಯರ್ ನೋಟಿಸ್ ಕಳಿಸಬೇಕು. ನಾಲ್ಕು ಜನಕ್ಕೆ ಬಿಸಿ ಮುಟ್ಟಿದರೆ ಉಳಿದವರು ಸುಮ್ಮನಾಗುತ್ತಾರೆ."

ಉತ್ತರ: ಬಿಡುಗಡೆಯ ದಿನವೇ ಸಿನಿಮಾ ಫೋನಿಗೆ ಬಂದರೆ ನಿರ್ಮಾಪಕರಿಗೆ ನಷ್ಟ, ನಿಜ. ಥಿಯೇಟರಿನಲ್ಲಿ ಕದ್ದು ಶೂಟ್ ಮಾಡಿ ಮಾರುವವರನ್ನು ಹಿಡಿಯಲಿ. ಆದರೆ ನೀವು ಮೆಚ್ಚಿದ ಅಮೆರಿಕದ ಕಥೆಯನ್ನು ಪೂರ್ತಿ ಓದಿ ಸ್ವಾಮಿ.

2003ರ ಸೆಪ್ಟೆಂಬರಿನಲ್ಲಿ ಅಲ್ಲಿನ ಹಾಡಿನ ಕಂಪನಿಗಳು, ಇಂಟರ್‌ನೆಟ್ಟಿನಲ್ಲಿ ಹಾಡು ಹಂಚಿಕೊಂಡರೆಂದು 261 ಜನರ ಮೇಲೆ ಕೇಸು ಹಾಕಿದವು. ಅವರಲ್ಲಿ ನ್ಯೂಯಾರ್ಕಿನ 12 ವರ್ಷದ ಹುಡುಗಿಯೂ ಇದ್ದಳು. ಬಡವರಿಗೆಂದು ಸರ್ಕಾರ ಕಟ್ಟಿಸಿದ ಮನೆಯಲ್ಲಿದ್ದ ಅವಳ ತಾಯಿ 2,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. 2005ರಲ್ಲಿ, ಆಗಲೇ ತೀರಿಹೋಗಿದ್ದ 83 ವರ್ಷದ ಅಜ್ಜಿಯ ಮೇಲೂ ಕೇಸು ಬಿತ್ತು! ಮಿನೆಸೋಟದ ಹೆಂಗಸೊಬ್ಬರಿಗೆ 2009ರಲ್ಲಿ ಜೂರಿ 24 ಹಾಡಿಗೆ 19.2 ಲಕ್ಷ ಡಾಲರ್ ಕಟ್ಟಲು ಹೇಳಿತು. ಆಮೇಲೆ ಅದು 2.22 ಲಕ್ಷಕ್ಕೆ ಇಳಿಯಿತು. ಅದೂ ಜಾಸ್ತಿಯೇ ಅಲ್ವಾ?

ಕಂಪನಿಯ ಕೈಯಲ್ಲಿರುವುದು ಐಪಿ ವಿಳಾಸ, ಅಂದರೆ ಇಂಟರ್‌ನೆಟ್ ಕನೆಕ್ಷನ್ನಿನ ನಂಬರು ಮಾತ್ರ. ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ಅದರಿಂದ ಗೊತ್ತಾಗಬಹುದು. ಡೌನ್‌ಲೋಡ್ ಮಾಡಿದ್ದು ಮಗನೋ, ಬಾಡಿಗೆಯವರೋ, ಪಕ್ಕದ ಮನೆಯವರೋ, ಗೊತ್ತಾಗುವುದಿಲ್ಲ. ಆರೈಕೆ ಬೇಕಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ ನಡೆಸುತ್ತಿದ್ದವರೊಬ್ಬರ ಕೇಸಿನಲ್ಲಿ, ಕನೆಕ್ಷನ್ ಅವರ ಹೆಸರಿನಲ್ಲಿದ್ದರೆ ಅಷ್ಟೇ ಸಾಲದು ಎಂದು 2018ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟೇ ಹೇಳಿತು.

ಇನ್ನು ಪ್ರೆಂಡಾ ಲಾ ಎಂಬ ವಕೀಲರ ಗುಂಪು. ಇವರು ಅಶ್ಲೀಲ ಸಿನಿಮಾಗಳನ್ನು ತಾವೇ ಪೈರಸಿ ತಾಣಕ್ಕೆ ಹಾಕಿ, ಡೌನ್‌ಲೋಡ್ ಮಾಡಿದವರಿಗೆ ನೋಟಿಸ್ ಕಳಿಸುತ್ತಿದ್ದರು. ಹೆಸರು ಹೊರಗೆ ಬಂದರೆ ಮಾನ ಹೋಗುತ್ತದೆಂದು ಜನ ದುಡ್ಡು ಕೊಟ್ಟರು. ಆ ಗುಂಪಿನ ಮುಖ್ಯಸ್ಥರಲ್ಲಿ ಒಬ್ಬನಿಗೆ 2019ರಲ್ಲಿ 14 ವರ್ಷ ಜೈಲಾಯಿತು.

ತಪ್ಪು ಮಾಡದವರೂ ಯಾಕೆ ದುಡ್ಡು ಕೊಡುತ್ತಾರೆ? ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ನಮ್ಮ ಹಿರಿಯರು ಸುಮ್ನೆ ಹೇಳಲಿಲ್ಲ. ವಕೀಲರ ಫೀಸಿಗಿಂತ ರಾಜಿ ಅಗ್ಗ. ನೋಟಿಸ್ ಕಳಿಸುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ನಮ್ಮಲ್ಲೂ ಅಷ್ಟೇ. ಸಣ್ಣ ಸಾಲದ ರೈತನ ಮನೆಗೆ ಇಂಗ್ಲಿಷಿನಲ್ಲಿ ನೋಟಿಸ್ ಬರುತ್ತದೆ, ಓದಿ ಹೇಳುವವರಿಲ್ಲ, ಮನೆಯವರೆಲ್ಲ ನಡುಗುತ್ತಾರೆ. ದೊಡ್ಡ ಸಾಲಗಾರರ ಜೊತೆ ಬ್ಯಾಂಕಿನವರು ಕೂತು ಮಾತಾಡುತ್ತಾರೆ. ಇಂಥ ಹೆದರಿಕೆಯನ್ನು ನೀವು ಸಿನಿಮಾ ನೋಡುವ ಹುಡುಗರ ಮನೆಗೂ ಕಳಿಸಿ ಅನ್ನುತ್ತೀರಿ. ನಾನು ಒಪ್ಪುವುದಿಲ್ಲ.