ಹಳೆಯ ರ‍್ಯಾಮ್ ಪಕ್ಕದಲ್ಲಿ ಹೊಸದು

ಪ್ರಶ್ನೆ: ನನ್ನ ಗೇಮಿಂಗ್ ಕಂಪ್ಯೂಟರಿನಲ್ಲಿ 2666 ವೇಗದ, 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಇದೆ. ಅದರ ಜೊತೆಗೆ 3200 ವೇಗದ 16 ಜಿಬಿಯದನ್ನು ಹಾಕಿಸಬಹುದೇ? ಹಳೆಯದನ್ನು ತೆಗೆದುಬಿಡಿ ಎಂದು ಮಡಿಕೇರಿಯ ಅಂಗಡಿಯವರು ಹೇಳುತ್ತಿದ್ದಾರೆ.
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಹಾಕಿಸಬಹುದು, ಆದರೆ ಹೊಸದೂ ಡಿಡಿಆರ್4 ಆಗಿರಲೇಬೇಕು, ಡಿಡಿಆರ್5ರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ನಿಮ್ಮ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಎರಡೂ ಸೇರಿದಾಗ ಸಾಮಾನ್ಯವಾಗಿ ನಿಧಾನದ್ದರ ವೇಗಕ್ಕೇ, ಅಂದರೆ 2666ಕ್ಕೆ, ಇಳಿಯುತ್ತವೆ. ಅಳತೆ ಬೇರೆಯಾದರೂ ಹೆಚ್ಚಿನ ಮದರ್‌ಬೋರ್ಡುಗಳು ಎರಡರಿಂದಲೂ ತಲಾ 8 ಜಿಬಿಯನ್ನು ಜೋಡಿಯಾಗಿ, ಡ್ಯುಯಲ್ ಚಾನೆಲ್‌ನಲ್ಲಿ (ಎರಡು ದಾರಿಗಳಲ್ಲಿ ಒಟ್ಟಿಗೆ) ನಡೆಸಿ, ಉಳಿದ 8 ಜಿಬಿಯನ್ನು ಒಂಟಿಯಾಗಿ ಬಳಸುತ್ತವೆ. ಈಗ ಒಂದೇ ರ‍್ಯಾಮ್ ಇರುವ ನಿಮಗೆ ಇದರಿಂದ ಆಟದಲ್ಲಿ ಲಾಭವೇ ಹೊರತು ನಷ್ಟವಿಲ್ಲ. ಆದ್ದರಿಂದ ಅಂಗಡಿಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೂ ಹಣಕ್ಕೆ ತೊಂದರೆಯಿಲ್ಲದಿದ್ದರೆ ಒಂದೇ ಪೊಟ್ಟಣದ ಜೋಡಿ ಕೊಳ್ಳುವುದೇ ನಿಶ್ಚಿಂತೆ.

ನಾಲ್ಕು ಸ್ಲಾಟುಗಳಿದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯದರಲ್ಲಿ ಹಾಕುವುದು ವಾಡಿಕೆ, ಕೈಪಿಡಿಯನ್ನೊಮ್ಮೆ ನೋಡಿ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಎಕ್ಸ್‌ಎಂಪಿಯನ್ನು, ಅಂದರೆ ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆಯನ್ನು, ಮೊದಲಿಗೆ ಆಫ್ ಮಾಡಿಡಿ. ಕೊಡಗಿನ ಮಳೆಗಾಲದ ತೇವಕ್ಕೆ ಹಳೆಯ ರ‍್ಯಾಮಿನ ಹೊಂಬಣ್ಣದ ಅಂಚು ಮಂಕಾಗಿದ್ದರೆ, ವಿದ್ಯುತ್ ಸಂಪರ್ಕ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಕೂರಿಸಿ. ಬಳಿಕ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಕಂಡರೂ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಎರಡೂ ಸರಿಯಿದ್ದರೆ ಹೊಂದಾಣಿಕೆಯೇ ಇಲ್ಲವೆಂದು ತಿಳಿದು ಹೊಸದನ್ನು ಬದಲಿಸಿಕೊಳ್ಳಿ.